ಷಡ್ಡಕನ ತೋಳಿನ ಅಳತೆ

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಅಂತಸ್ತು ಬೇಕು ಎಂದು ನಂಬಿದ್ದವನು ನಾನು. ಪಕ್ಕದ ಮನೆಯವರು ಮಹಡಿ ಕಟ್ಟಿಸಿದರೆ, ಜೊತೆಗೆ ಕೆಲಸಕ್ಕೆ ಸೇರಿದವನು ಸ್ವಂತ ಯೂನಿಟ್ ಹಾಕಿದರೆ ಹೊಟ್ಟೆಯಲ್ಲಿ ಒಂದಿಷ್ಟು ಉರಿ ಏಳುವುದು ಸಹಜ. ಅದನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದು. ಕೇಳಿದವರೂ ತಲೆಯಾಡಿಸಿ ತಮ್ಮ ಉರಿಯನ್ನೂ ಸೇರಿಸುತ್ತಾರೆ. ಆದರೆ ಮಗಳು ಕಾಲೇಜಿಗೆ ಹೋಗುತ್ತಿರುವ, ಮೀಸೆಗೆ ಬಣ್ಣ ಹಚ್ಚುವ ವಯಸ್ಸಿನ ಗಂಡಸೊಬ್ಬ ಇನ್ನೊಬ್ಬ ಗಂಡಸಿನ ತೋಳು ನೋಡಿ ಅನ್ನ ನೀರು ರುಚಿಸದೆ ಕೂತರೆ, ಅದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಅದೂ ಆ ತೋಳು ಸ್ವಂತ ಷಡ್ಡಕನದಾದರೆ? ಅಕ್ಕನನ್ನು ಒಬ್ಬನಿಗೆ, ತಂಗಿಯನ್ನು ಇನ್ನೊಬ್ಬನಿಗೆ ಕೊಟ್ಟ ಮನೆಯಲ್ಲಿ ಆ ಇಬ್ಬರು ಅಳಿಯಂದಿರನ್ನು ಪಕ್ಕಪಕ್ಕ ನಿಲ್ಲಿಸಿ ನೋಡದ ಕಣ್ಣು ಒಂದೂ ಇರುವುದಿಲ್ಲ. ನನ್ನ ಕಣ್ಣೂ ಅದೇ ಕೆಲಸಕ್ಕೆ ನಿಂತಿತ್ತು.

ನಾನು ಆಂಧ್ರ ಗಡಿಯ ರಾಯದುರ್ಗದವನು. ಮೊದಲು ಬಸ್ ಸ್ಟ್ಯಾಂಡಿನ ಹತ್ತಿರ ಸಣ್ಣದೊಂದು ಟೈಲರ್ ಅಂಗಡಿ ಇಟ್ಟಿದ್ದೆ. ಊರಿಗೆ ಊರೇ ಜೀನ್ಸ್ ಪ್ಯಾಂಟಿನ ಬೆನ್ನು ಹತ್ತಿದ ಮೇಲೆ ಅಳತೆ ಕೊಟ್ಟು ಹೊಲಿಸುವವರು ಕಡಿಮೆಯಾದರು. ಬಂದವರೂ ರೆಡಿಮೇಡ್ ಪ್ಯಾಂಟಿನ ಕಾಲು ಕತ್ತರಿಸಿಕೊಡಿ ಎಂದು ಬರುತ್ತಿದ್ದರು. ಅಂಗಡಿ ಮುಚ್ಚಿ ಒಂದು ಜೀನ್ಸ್ ಯೂನಿಟ್ಟಿಗೆ ಕಟಿಂಗ್ ಮಾಸ್ಟರ್ ಆಗಿ ಸೇರಿದೆ. ಅಂಗಡಿ ಹೋಯಿತು, ಕೊರಳಿನ ಟೇಪು ಹೋಗಲಿಲ್ಲ. ಯೂನಿಟ್ಟಿನಲ್ಲಿ ಯಾರ ಮೈ ಅಳತೆಯೂ ಬೇಕಿಲ್ಲ, ಎಲ್ಲ ಪ್ಯಾಟರ್ನ್ ಮೇಲೆಯೇ ಕತ್ತರಿಸುವುದು. ಆದರೂ ಟೇಪಿಲ್ಲದೆ ಮನೆಯಿಂದ ಹೊರಟರೆ ನನಗೆ ಅಂಗಿ ಹಾಕದೆ ಹೊರಟ ಹಾಗೆ ಆಗುತ್ತದೆ.

ನಮ್ಮ ಯೂನಿಟ್ಟಿನಲ್ಲಿ ಒಂದು ಪದ್ಧತಿ ಇದೆ. ಹೊಸ ಲಾಟು, ಅಂದರೆ ಹೊಸ ಆರ್ಡರಿನ ಮಾಲು, ಶುರುವಾಗುವ ದಿನ ಮೊದಲ ಬಟ್ಟೆಯ ರೋಲನ್ನು ಕಟಿಂಗ್ ಮಾಸ್ಟರೇ ಎತ್ತಿ ಟೇಬಲ್ಲಿನ ಮೇಲೆ ಇಡಬೇಕು. ಇನ್ನೊಬ್ಬರು ಕೈ ಹಾಕಿದರೆ ಆ ಲಾಟಿನಲ್ಲಿ ಪೀಸು ಕೆಡುತ್ತವೆ ಎಂದು ನಮ್ಮ ಸಾವ್ಕಾರರ ನಂಬಿಕೆ. ಜೀನ್ಸ್ ಬಟ್ಟೆಯ ರೋಲೆಂದರೆ ಕೊಬ್ಬಿದ ಕರುವನ್ನು ತಬ್ಬಿ ಎತ್ತಿದ ಹಾಗೆ. ವರ್ಷಗಟ್ಟಲೆ ಎತ್ತಿದೆ. ಎತ್ತಿ ಇಟ್ಟು, ಮೀಸೆ ಸವರಿಕೊಂಡು, ಊದಿನಕಡ್ಡಿ ಬೆಳಗಿ, ಕಾಯಿ ಒಡೆದು, ಕಟಿಂಗ್ ಮಿಷಿನ್ ಕೈಗೆ ತೆಗೆದುಕೊಳ್ಳುವಾಗ ನಾನೇ ಊರಿನ ಪಾಳೇಗಾರ ಎನ್ನಿಸುತ್ತಿತ್ತು. ಹಾಗಿರುವಾಗ ಒಂದು ದಿನ ಬಲಭುಜ ಹಿಡಿದುಕೊಂಡಿತು. ತಲೆ ಬಾಚುವುದಕ್ಕೂ ಕೈ ಏಳದು. ಆ ಸಲದ ಲಾಟಿಗೆ ಏನೋ ನೆಪ ಹೇಳಿ ಸಾವ್ಕಾರರಿಂದಲೇ ರೋಲು ಮುಟ್ಟಿಸಿ ಪಾರಾದೆ. ಅವರು ಆಮೇಲೆ ನನ್ನನ್ನು ಕರೆದು, "ಮಾಸ್ಟ್ರೇ, ದಸರಾ ಲಾಟ್ ಬರೋದ್ರಾಗ ಭುಜ ಸರಿ ಮಾಡ್ಕೊಳ್ರಿ. ಆಗೋದಿಲ್ಲಂದ್ರ ನಾಚ್ಕಿ ಯಾಕ, ಚೆಕಿಂಗ್ ಟೇಬಲ್‌ನಾಗ ಆರಾಮ ಕೂಡ್ರಿ" ಎಂದರು.

ಆರಾಮ ಎಂದರು ಅವರು. ಚೆಕಿಂಗ್ ಟೇಬಲ್ಲಿನ ಮುಖ್ಯಸ್ಥೆ ಯಾರು ಗೊತ್ತೇ? ನನ್ನ ಹೆಂಡತಿ ಭಾಗ್ಯ. ಹೊಲಿದು ಬಂದ ಪ್ಯಾಂಟುಗಳಲ್ಲಿ ತಪ್ಪು ಹುಡುಕುವುದು, ಉಳಿದ ದಾರ ಕತ್ತರಿಸುವುದು ಅಲ್ಲಿನ ಕೆಲಸ. ಮನೆಯಲ್ಲಿ ಅವಳ ಕೈಕೆಳಗೆ ಇರುವುದು ನನಗೆ ಒಗ್ಗಿಹೋಗಿದೆ. ಬಾಗಿಲು ಹಾಕಿಕೊಂಡರೆ ಹೊರಗಿನವರಿಗೆ ಕಾಣದು. ಆದರೆ ಇಡೀ ಯೂನಿಟ್ಟಿನ ಮುಂದೆ, ಬೆಳಿಗ್ಗೆಯಿಂದ ಸಂಜೆಯವರೆಗೆ, "ಈ ದಾರ ಯಾರು ಬಿಟ್ಟಿದ್ದು?" ಎಂದು ಅವಳು ಕೇಳುವುದು, ನಾನು ಎದ್ದು ನಿಲ್ಲುವುದು! ಅದನ್ನು ನೆನೆಸಿಕೊಂಡೇ ನಾನು ಡಾಕ್ಟರ ಹತ್ತಿರ ಓಡಿದೆ. ಅವರು ಭುಜ ತಿರುಗಿಸಿ ನೋಡಿ, "ಎಣ್ಣೆ ತಿಕ್ಕಿದ್ದು ಸಾಕು, ಸ್ವಲ್ಪ ಸ್ವಲ್ಪವೇ ಭಾರ ಎತ್ತಿ ಶಕ್ತಿ ಬೆಳೆಸಿಕೊಳ್ಳಿ. ಜಿಮ್ಮಿಗೆ ಸೇರಿ" ಎಂದರು.

ಇಲ್ಲಿ ಷಡ್ಡಕ ಬರುತ್ತಾನೆ. ಹೆಸರು ನಾಗಭೂಷಣ, ಭಾಗ್ಯಳ ತಂಗಿಯ ಗಂಡ. ಮಡಕಶಿರಾ ಕಡೆ, ರೊಳ್ಳದ ಹತ್ತಿರದವನು. ಅಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ದುಕೊಂಡಿದ್ದವನನ್ನು ನಾನೇ ಕರೆಸಿ, ನಮ್ಮ ಯೂನಿಟ್ಟಿನಲ್ಲಿ ಬಟ್ಟೆ ಹಾಸುವ ಕೆಲಸಕ್ಕೆ ಹಚ್ಚಿದ್ದೆ. ಪಕ್ಕದ ವಠಾರದಲ್ಲಿ ಮನೆ, ಊಟ ಬಹುಪಾಲು ನಮ್ಮಲ್ಲೇ. ಬರುವಾಗ ಒಣಗಿದ ಕಡ್ಡಿಯ ಹಾಗಿದ್ದ. ಕೈಗೆ ಕೆಲಸ ಹತ್ತುವ ಹುಡುಗ ಎಂದು ಕಟಿಂಗ್ ಮಿಷಿನನ್ನೂ ಕಲಿಸಿದೆ. ಹೀಗಾಗಿ ನಾನು ಚೆಕಿಂಗ್ ಟೇಬಲ್ಲಿಗೆ ಹೋದರೆ ಮಿಷಿನ್ ಯಾರ ಕೈಗೆ ಹೋಗುತ್ತದೆ ಎಂದು ಕೇಳುವ ಅಗತ್ಯವೇ ಇರಲಿಲ್ಲ. ಜಿಮ್ಮಿಗೆ ಒಬ್ಬನೇ ಹೋಗಲು ನನಗೆ ಸಂಕೋಚವೆಂದು ಗೊತ್ತಾದಾಗ ಅವನೇ, "ಅದುಕ್ಯಾಕಣ್ಣ ಅಷ್ಟು ಯೋಚ್ನೆ, ನಾನೂ ಬತ್ತೀನಿ, ಸುಮ್ಕೆ ಜತೆಗೆ" ಎಂದ. ಸುಮ್ಮನೆ ಜೊತೆಗೆ ಬರುವವರಷ್ಟು ಅಪಾಯದ ಜನ ಇನ್ನಿಲ್ಲ.

ಜಿಮ್ಮು ಗುಂಡಿ, ದಾರ ಮಾರುವ ಒಂದು ಅಂಗಡಿಯ ಮೇಲಿತ್ತು. ನಾಲ್ಕೂ ಗೋಡೆಗೆ ಕನ್ನಡಿ. ಆ ಕನ್ನಡಿಗಳನ್ನು ಇಟ್ಟದ್ದು ನಮ್ಮನ್ನು ನಾವು ನೋಡಿಕೊಳ್ಳಲಿ ಎಂದಂತೆ. ಅಲ್ಲಿ ತನ್ನನ್ನು ತಾನು ನೋಡಿಕೊಂಡವನನ್ನು ನಾನು ಕಾಣೆ. ಎಲ್ಲರ ಕಣ್ಣೂ ಪಕ್ಕದವನ ಕಬ್ಬಿಣದ ಬಿಲ್ಲೆಗಳ ಮೇಲೆ. ಕಲಿಸುವ ಕೋಚು, "ಮೀದಿ ಮೀರು ಚೂಸ್ಕೋಂಡಿ ಅನ್ನಾ" ಎಂದು ದಿನಾ ತೆಲುಗಿನಲ್ಲಿ ಬೇಡಿಕೊಳ್ಳುತ್ತಿದ್ದ, ನಿಮ್ಮದನ್ನು ನೀವು ನೋಡಿಕೊಳ್ಳಿ ಎಂದು. ಹೇಳುವುದು ಸುಲಭ. ಮೊದಮೊದಲು ನಾನು ಎಲ್ಲರಿಗೂ ಒಂದೊಂದು ಕಾರಣ ಹುಡುಕಿ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆ ಮೂಲೆಯವನು ನನಗಿಂತ ಹೆಚ್ಚು ಎತ್ತುತ್ತಾನೆಯೇ? ಎತ್ತಲಿ, ಮದುವೆಯಾಗಿಲ್ಲ. ಈ ನಿವೃತ್ತ ಪಿ.ಟಿ. ಮೇಷ್ಟ್ರು ನನಗಿಂತ ಹಿರಿಯರು, ಆದರೂ ಎತ್ತುತ್ತಾರೆಯೇ? ಎತ್ತಲಿ, ಜೀವಮಾನವಿಡೀ ಸೀಟಿ ಊದಿಕೊಂಡು ಸಂಬಳ ತೆಗೆದುಕೊಂಡವರು. ಆದರೆ ನಾಗಭೂಷಣನಿಗೆ ಯಾವ ಕಾರಣವೂ ಸಿಗಲಿಲ್ಲ. ನಾನು ತಿಂದ ಮುದ್ದೆಯನ್ನೇ ಅವನೂ ತಿನ್ನುತ್ತಾನೆ, ನಾನು ನಿಂತ ಟೇಬಲ್ಲಿಗೇ ಅವನೂ ನಿಲ್ಲುತ್ತಾನೆ, ನನ್ನ ಅತ್ತೆಯೇ ಅವನಿಗೂ ಅತ್ತೆ. ಆದರೂ ನನ್ನ ಕಬ್ಬಿಣಕ್ಕೆ ಒಂದು ಬಿಲ್ಲೆ ಸೇರುವುದರಲ್ಲಿ ಅವನದಕ್ಕೆ ಎರಡು ಸೇರಿರುತ್ತಿದ್ದವು. ಅದೂ ಹಲ್ಲು ಕಚ್ಚಿ ಎತ್ತುತ್ತಿದ್ದನೇ? ಇಲ್ಲ. "ಏನ್ ಭಾರ ಇಲ್ಲ ಕಣಣ್ಣ, ಸೊಪ್ಪಿನ ಹೊರೆಗಿಂತ ವಾಸಿ" ಎಂದು ನಗುತ್ತಾ ಎತ್ತುತ್ತಿದ್ದ. ಆ ನಗು ನನ್ನ ಭುಜಕ್ಕೆ ನೇರವಾಗಿ ಚುಚ್ಚುತ್ತಿತ್ತು.

ಪ್ರತಿ ಭಾನುವಾರ ಕಟಿಂಗ್ ಟೇಬಲ್ಲಿನ ಪಕ್ಕ ನಿಂತು ಇಬ್ಬರ ತೋಳನ್ನೂ ಅಳೆಯುವ ಚಾಳಿ ನನಗೆ ಅಂಟಿತು. ನನ್ನ ತೋಳನ್ನು ನಾನೇ ಅಳೆದುಕೊಳ್ಳಬೇಕು. ಟೇಪಿನ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದನ್ನು ಎಡಗೈಯಲ್ಲಿ ಜಗ್ಗಿ, ಮುಖ ಕೆಂಪಾಗುವವರೆಗೂ ತೋಳು ಉಬ್ಬಿಸಿ ನೋಡುತ್ತಿದ್ದೆ. ಆಮೇಲೆ ಅವನನ್ನು ಕರೆದು ನಿಲ್ಲಿಸಿ, ಅಂಗಡಿಯ ದಿನಗಳ ಗತ್ತಿನಲ್ಲಿ ಅವನ ತೋಳಿಗೆ ಟೇಪು ಸುತ್ತುತ್ತಿದ್ದೆ. ಮೊದಲ ಭಾನುವಾರವೇ ಇಬ್ಬರದೂ ಸಮ ಬಂತು. ಕಡ್ಡಿಯಂಥವನ ತೋಳು ನನ್ನ ತೋಳಿಗೆ ಸಮ ಹೇಗೆ ಎಂದು ಬುದ್ಧಿಯಿದ್ದವನು ಅಲ್ಲೇ ಯೋಚಿಸುತ್ತಿದ್ದ. ನಾನು ಹೊಟ್ಟೆ ಉರಿದುಕೊಂಡೆ. ವಾರ ಕಳೆದಂತೆ ಅವನದು ನನ್ನದನ್ನು ದಾಟಿತು, ದಾಟಿ ದೂರ ಹೋಯಿತು. ಊಟಕ್ಕೆ ಕೂತಾಗ ಅವನ ತಟ್ಟೆಗೆ ಬೀಳುವ ಮೊಟ್ಟೆಯ ಮೇಲೆ, ಹುರಿದ ಕಡಲೆಕಾಯಿಯ ಮೇಲೆ ನನ್ನ ಕಣ್ಣು ನೆಟ್ಟಿರುತ್ತಿತ್ತು. ಭಾಗ್ಯ ಒಂದು ದಿನ ತಡೆಯಲಾರದೆ, "ಅವನ ತಟ್ಟೇನೇ ನೋಡ್ಕೊಂಡು ಕುಂತ್ರೆ ನಿಮ್ಮ ಮುದ್ದೆ ಆರೋಗುತ್ತೆ, ಉಣ್ರಿ" ಎಂದಳು.

ಹೀಗಿರುವಾಗ ರೊಳ್ಳದ ಹತ್ತಿರದ ಅತ್ತೆ ಮನೆಯಲ್ಲಿ ಭಾಮೈದನ ಮಗುವಿಗೆ ನಾಮಕರಣ ಇಟ್ಟುಕೊಂಡರು. ನಾಗಭೂಷಣ ಒಂದು ಅಂಗಿಯ ಬಟ್ಟೆ ತಂದು, "ಅಣ್ಣ, ಒಂದು ಸಲ್ಟು ಹೊಲ್ಕೊಡಿ, ತೋಳು ಬಿಗಿಯಾಗಿ ಕಾಣಂಗೆ" ಎಂದ. ಮೈ ಉರಿದುಹೋಯಿತು. ಆದರೂ ಹೊಲಿದೆ, ಕಸುಬು ಕಸುಬೇ. ಅಳತೆ ಹೊಸದಾಗಿ ತೆಗೆದುಕೊಳ್ಳಬೇಕಿರಲಿಲ್ಲ, ಅವನ ತೋಳಿನ ಅಳತೆ ನನ್ನ ಎದೆಯಲ್ಲೇ ಅಚ್ಚೊತ್ತಿತ್ತು. ಅದಕ್ಕೆ ಎಂದಿನಂತೆ ಸ್ವಲ್ಪ ಸಡಿಲ ಸೇರಿಸಿ ಕತ್ತರಿಸಿದೆ. ಹೊರಡುವ ಗಡಿಬಿಡಿಯಲ್ಲಿ ಹಾಕಿ ನೋಡುವುದಕ್ಕೂ ಬಿಡುವಾಗದೆ ಅವನು ಅದನ್ನು ಊರಿಗೆ ಹೋಗಿಯೇ ತೊಟ್ಟ.

ತೊಟ್ಟು ಬಂದವನನ್ನು ಪಡಸಾಲೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಂಗಿಯ ತೋಳು ಎರಡೂ ಕಡೆ ದಿಂಬಿನ ಚೀಲದಂತೆ ಜೋತಾಡುತ್ತಿತ್ತು. ನಮ್ಮ ಅತ್ತೆ ಮಗುವನ್ನು ಸೊಸೆಯ ಕೈಗೆ ಕೊಟ್ಟು ಓಡಿಬಂದು ಅವನ ಗಲ್ಲ ಹಿಡಿದರು. "ಅಯ್ಯೋ ನಮ್ಮಪ್ಪ, ಯಾಕಿಂಗೆ ಇಳ್ದೋಗಿದ್ದೀಯಾ? ರಾಯದುರ್ಗದಾಗೆ ಊಟ ಸರ್ಯಾಗಿ ಹಾಕಲ್ವಾ ನಿಮ್ಮಣ್ಣ?" ಎಂದು ನನ್ನ ಕಡೆ ನೋಡಿದ ನೋಟವಿದೆಯಲ್ಲ, ಅದನ್ನು ಬರೆಯಲಾರೆ. ಊಟಕ್ಕೆ ಕೂತಾಗ ಅವನ ಎಲೆಗೆ ಒಬ್ಬಟ್ಟಿನ ಮೇಲೆ ಒಬ್ಬಟ್ಟು, ಅದರ ಮೇಲೆ ತುಪ್ಪದ ಧಾರೆ. ನನ್ನ ಎಲೆಯ ಹತ್ತಿರ ಬಂದು, "ನೀವು ಬಿಡಿ, ದುಂಡುದುಂಡಗೆ ಚೆನ್ನಾಗಿದ್ದೀರ" ಎಂದು ಮುಂದೆ ಹೋದರು. ಹಿರಿಯ ಅಳಿಯನಿಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೇನಿದೆ?

ಊಟವಾದ ಮೇಲೆ ಭಾಗ್ಯ ಆ ತೋಳನ್ನು ಎಳೆದು ನೋಡಿ, "ಅಳತೆ ತಗೊಂಡೋರು ಯಾರು ಇದುನ್ನ?" ಎಂದಳು. ಚೆಕಿಂಗ್ ಟೇಬಲ್ಲಿನ ದನಿ. ನನ್ನ ಕಸುಬಿಗೇ ಬಂತಲ್ಲ ಎಂದು ಕೊರಳಿನಿಂದ ಟೇಪು ತೆಗೆದು, ಎಲ್ಲರ ಮುಂದೆ ಅವನ ತೋಳಿಗೆ ಸುತ್ತಿ, "ನೋಡ್ರಿ ಬೇಕಾದ್ರ, ಅಳತಿ ಸರಿ ಐತೋ ಇಲ್ಲೋ" ಎಂದೆ. ಅವಳು ಬಗ್ಗಿ ನೋಡಿದಳು. "ಸರಿ ಐತೆ. ಆ ಎರಡು ಬೆರಳು ಈಚೆ ತೆಗೀರಿ" ಎಂದಳು. ನಾನು ನೋಡಿಕೊಂಡೆ. ಟೇಪಿನ ಒಳಗೆ, ಅವನ ತೋಳಿಗೆ ಒತ್ತಿಕೊಂಡು, ನನ್ನವೇ ಎರಡು ಬೆರಳು ಹಾಯಾಗಿ ಕೂತಿದ್ದವು. ಗಿರಾಕಿಗೆ ಬಟ್ಟೆ ಬಿಗಿಯಾಗದಿರಲಿ ಎಂದು ಟೈಲರ್ ಆದವನು ಟೇಪಿನೊಳಗೆ ಎರಡು ಬೆರಳು ಇಟ್ಟೇ ಅಳೆಯುತ್ತಾನೆ. ಅಂಗಡಿ ಮುಚ್ಚಿ ಎಷ್ಟು ವರ್ಷವಾದರೂ ನನ್ನ ಬೆರಳಿಗೆ ಆ ಸುದ್ದಿ ಮುಟ್ಟಿರಲಿಲ್ಲ. ನನ್ನ ತೋಳು ಅಳೆಯುವಾಗ ಮಾತ್ರ ಬೆರಳು ತೂರಿಸಲು ಮೂರನೆಯ ಕೈ ಇರಲಿಲ್ಲ. ಇಷ್ಟು ವಾರ ನಾನು ಹೊಟ್ಟೆಕಿಚ್ಚು ಪಟ್ಟದ್ದು ನನ್ನ ಬೆರಳುಗಳ ಮೇಲೆಯೇ.

ಬೆರಳು ತೆಗೆದು ಬಿಗಿಯಾಗಿ ಎಳೆದೆ. ಅವನ ತೋಳು ನನ್ನ ತೋಳಿಗಿಂತ ಸಣ್ಣದು! ಚೆನ್ನಾಗಿಯೇ ಸಣ್ಣದು! ನನಗಾದ ಸಂತೋಷಕ್ಕೆ ಅತ್ತೆಯನ್ನು ಕರೆದು ನಾನೇ ಎರಡು ಒಬ್ಬಟ್ಟು ಕೇಳಿ ಹಾಕಿಸಿಕೊಂಡೆ. ಬಸ್ಸು ರಾಯದುರ್ಗ ಸೇರುವವರೆಗೂ ಕಿಟಕಿಯ ಗಾಳಿ ತಂಪಾಗಿತ್ತು. ಊರು ಹತ್ತಿರವಾದಾಗ ಒಂದು ಯೋಚನೆ ಹೊಕ್ಕಿತು, ತಂಪೆಲ್ಲ ಹೋಯಿತು. ಅಷ್ಟು ಸಣ್ಣ ತೋಳಿನಿಂದ ಇವನು ಅಷ್ಟು ಭಾರ ಎತ್ತುವುದು ಹೇಗೆ? ದಪ್ಪ ತೋಳಿನವನು ಎತ್ತಿದರೆ ಒಂದು ಮರ್ಯಾದೆ ಇದೆ, ತೋಳಿದೆ, ಎತ್ತುತ್ತಾನೆ. ನನಗೆ ತೋಳಿತ್ತು, ಎತ್ತಲಾಗುತ್ತಿರಲಿಲ್ಲ. ಅಲ್ಲಿಯವರೆಗಿನ ಹೊಟ್ಟೆಕಿಚ್ಚು ಬರೀ ಕೆಂಡವಾಗಿತ್ತು, ಈಗ ಜ್ವಾಲೆ ಎದ್ದಿತು.

ದಸರಾ ಲಾಟು ಬಂತು. ಸಾವ್ಕಾರರು ಬಿಳಿ ಅಂಗಿ ತೊಟ್ಟು ನಿಂತರು. ಚೆಕಿಂಗ್ ಟೇಬಲ್ಲಿನಿಂದ ಭಾಗ್ಯ ಕತ್ತರಿ ಕೆಳಗಿಟ್ಟು ನೋಡುತ್ತಿದ್ದಳು. ಅವಳ ಪಕ್ಕದಲ್ಲೊಂದು ಸ್ಟೂಲು ಖಾಲಿಯಿತ್ತು, ಅದು ಮಾತ್ರ ನನಗೆ ಎದ್ದು ಕಾಣುತ್ತಿತ್ತು. ನಾಗಭೂಷಣ ಊದಿನಕಡ್ಡಿ ಹಿಡಿದು ಟೇಬಲ್ಲಿನ ಪಕ್ಕ ನಿಂತಿದ್ದ. ನಾನು ಬಗ್ಗಿ ರೋಲನ್ನು ತಬ್ಬಿದೆ. ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು, ಎದೆಗೆ ಬಂತು. ಟೇಬಲ್ಲಿನ ಅಂಚಿನ ಹತ್ತಿರ ಬಂದಾಗ ಭುಜ ಇನ್ನಾಗದು ಎಂದಿತು. ನಾನು ಕಣ್ಣು ಮುಚ್ಚಿದೆ. ಮುಚ್ಚಿದ ಕಣ್ಣಿಗೆ ಆ ಸ್ಟೂಲು ಕಂಡಿತು. ಅದೆಲ್ಲಿಂದ ಬಲ ಬಂತೋ, ರೋಲು ಹಗುರಾಗಿ, ತಾನೇ ತಾನಾಗಿ ಟೇಬಲ್ಲಿನ ಮೇಲೆ ಉರುಳಿತು. ಎಲ್ಲರೂ ಚಪ್ಪಾಳೆ ತಟ್ಟಿದರು. "ಭಾಳ ಚಲೋ ಆತು ಮಾಸ್ಟ್ರೇ, ಇನ್ನೇನ್ ಚಿಂತಿಲ್ಲ ಬಿಡ್ರಿ" ಎಂದರು ಸಾವ್ಕಾರರು. ಭಾಗ್ಯ ಮತ್ತೆ ಕತ್ತರಿ ಕೈಗೆತ್ತಿಕೊಂಡಳು. ನಾನು ಮೀಸೆ ಸವರಿಕೊಂಡೆ.

ಚಹಾದ ಹೊತ್ತಿಗೆ ನಾಗಭೂಷಣನ ಹೆಗಲ ಮೇಲೆ ಕೈ ಹಾಕಿ, "ಏನಪಾ, ನೋಡಿದ್ಯಾ ನಿಮ್ಮಣ್ಣನ ತಾಕತ್ತು?" ಎಂದೆ. ಅವನು ಆಚೆ ಈಚೆ ನೋಡಿ, "ಬೈಬೇಡಿ ಅಣ್ಣ. ಅಂಚಿನತ್ರ ನಿಂತೋಯ್ತಲ್ಲ, ಯಾರೂ ನೋಡ್ದಂಗೆ ರೋಲಿನಡಿಗೆ ಎರಡು ಬೆರಳು ಹಾಕಿದೆ" ಎಂದ.

"ಎರಡೇ ಬೆರಳಾ?"

"ಹೂಂ ಅಣ್ಣ, ಎಡಗೈದು. ಬಲಗೈಯಾಗೆ ಊದ್ಗಡ್ಡಿ ಇತ್ತಲ್ಲ."

ನನ್ನ ಮಾನ ಉಳಿಸಿದವನು, ತಬ್ಬಿಕೊಳ್ಳಬೇಕಿತ್ತು. ತಬ್ಬಿಕೊಳ್ಳಲಿಲ್ಲ. ಆ ಲಾಟಿನಲ್ಲಿ ಒಂದು ಪೀಸೂ ಕೆಡಲಿಲ್ಲ, ಮಿಷಿನ್ ನನ್ನ ಕೈಯಲ್ಲೇ ಇದೆ, ಜಿಮ್ಮಿಗೆ ಈಗಲೂ ಇಬ್ಬರೂ ಜೊತೆಯಾಗಿಯೇ ಹೋಗುತ್ತೇವೆ. ಮುಂದಿನ ಭಾನುವಾರ ಅವನನ್ನು ಕರೆದು ಟೇಬಲ್ಲಿನ ಪಕ್ಕ ನಿಲ್ಲಿಸಿದೆ. ಅವನು ರೂಢಿಯಂತೆ ತೋಳು ಮಡಿಸಿ ಉಬ್ಬಿಸಿದ. ತೋಳು ಬೇಡ ಎಂದೆ. ಅವನ ಎಡಗೈ ಹಿಡಿದುಕೊಂಡು, ಆ ಎರಡು ಬೆರಳಿಗೆ ಟೇಪು ಸುತ್ತಿ, ಈ ಸಲ ಬಿಗಿಯಾಗಿ ಎಳೆದು ಅಳೆದೆ.