ಅಳತೆಗೆ ಕಡಿಮೆಯಾದರೆ ಸಮುದ್ರಕ್ಕೆ

ಇಷ್ಟು ವರ್ಷದ ಸಂಸಾರದಲ್ಲಿ ನೆರಿಡಾ ತನ್ನ ಗಂಡ ಗಾರ್ತ್‌ನನ್ನು ನಂಬಿ ಒಪ್ಪಿಸಿದ್ದು ಒಂದೇ ಒಂದು ಕೆಲಸ. ಅದನ್ನು ಅವನು ಮಾಡಿ ಮುಗಿಸಿದ. ಅವಳ ದುಃಖವೇ ಅದು.

ನೆರಿಡಾ ಈಜುಡುಗೆ ಹೊಲಿಯುತ್ತಿದ್ದಳು, ಅಂಗಡಿಯ ಬಟ್ಟೆಗೆ ಒಗ್ಗದ ಮೈಗಳಿಗಾಗಿ. ಮುಂಜಾನೆ ಬಂಡೆಯಂಚಿನಲ್ಲಿ ಕಡಲ ನೀರು ತುಂಬುವ ಕೊಳದಲ್ಲಿ ಈಜುವ ಹೆಂಗಸರೇ ಅವಳ ಗಿರಾಕಿಗಳು. ಈಗ ವೆಬ್‌ಸೈಟೂ ಸಿದ್ಧವಾಗಿತ್ತು. ಷರತ್ತುಗಳು, ಗೋಪ್ಯತಾ ನೀತಿ ಮಾತ್ರ ಬಾಕಿ.

"ಅದನ್ನ ನಂಗೆ ಬಿಡು" ಎಂದ ಗಾರ್ತ್. ಚಹಾ ಆರುವುದರೊಳಗೆ ಸಂವಿಧಾನದಂಥ ದಸ್ತಾವೇಜು ಹುಟ್ಟಿತು. "ಒಂದ್ಸಲ ಓದಿಬಿಡು."

"ಅದನ್ನೆಲ್ಲ ಯಾರು ಓದ್ತಾರೆ ಮಾರಾಯ?" ನೆರಿಡಾ ಪ್ರಕಟಿಸುವ ಗುಂಡಿ ಒತ್ತಿಯೇಬಿಟ್ಟಳು.

ಜಾಸ್ಲಿನ್ ಓದಿದಳು. (ನಿವೃತ್ತ ಮುಖ್ಯೋಪಾಧ್ಯಾಯಿನಿ, ಕೆಮ್ಮಿನ ಔಷಧಿಯ ಚೀಟಿಯನ್ನೂ ಓದದೆ ಬಿಡುವವಳಲ್ಲ.) ಕೊಳದಲ್ಲಿ ಅವಳು ಇಳಿದ ಮೇಲೆಯೇ ಉಳಿದ ಹೆಂಗಸರು ನೀರಿಗಿಳಿಯುವುದು. ಅವಳು ಕೊಂಡರೆ ಎಲ್ಲರೂ ಕೊಂಡಂತೆ.

ಮರುದಿನ ಕೊಳದ ಮೆಟ್ಟಿಲ ಮೇಲೆ ಒದ್ದೆ ಟವೆಲ್ ಸುತ್ತಿಕೊಂಡು, ಎಲ್ಲರಿಗೂ ಕೇಳುವಂತೆ ಫೋನಿನಿಂದ ಓದಿದಳು: "'ಅಳತೆಗೆ ಕಡಿಮೆಯಿರುವ ಗ್ರಾಹಕರನ್ನು ಕೂಡಲೇ ಸಮುದ್ರಕ್ಕೆ ಬಿಡಲಾಗುವುದು.' ನಂಗೆ ಆ ಭಯ ಇಲ್ಲ ಬಿಡು. ಆದ್ರೆ ಇದೇನಮ್ಮಾ? 'ಗ್ರಾಹಕರ ಫೋಟೋ, ಉದ್ದ, ತೂಕವನ್ನು ಕ್ಲಬ್ಬಿನ ಗೋಡೆಗೆ ಹಾಕಲಾಗುವುದು. ತಿಂಗಳ ಅತಿ ಭಾರದ ಗ್ರಾಹಕರಿಗೆ ಬಹುಮಾನ.' ಯಾವ ಗೋಡೆ ನೆರಿಡಾ?"

ಯಾರೂ ನಗಲಿಲ್ಲ.

"ನಮ್ಮ ಅಳತೆ ಯಾರಿಗೂ ಹೋಗಲ್ಲ ಅಂತ ನಾಳೆಯೊಳಗೆ ಬರಿ. ಇಲ್ಲದಿದ್ರೆ ನಮ್ಮನ್ನ ಮರೆತುಬಿಡು."

ಮನೆಯಲ್ಲಿ ಗಾರ್ತ್ ಆಲೂಗಡ್ಡೆ ಸುಲಿಯುತ್ತಿದ್ದ.

"ಎಲ್ಲಿಂದ ಎತ್ತಿದೆ ಅದನ್ನ?"

"ಮೀನು ಹಿಡಿಸೋಕೆ ದೋಣೀಲಿ ಕರ್ಕೊಂಡು ಹೋಗ್ತಾನಲ್ಲ ನಮ್ಮ ಬ್ರೂನೋ, ಅವನ ವೆಬ್‌ಸೈಟಿಂದ. ಮೀನು ಅಂತಿದ್ದ ಕಡೆಯೆಲ್ಲ ಗ್ರಾಹಕರು ಅಂತ ಹಾಕ್ದೆ. ವಾಂತಿ ಮಾಡ್ಕೊಂಡ್ರೆ ದುಡ್ಡು ವಾಪಸಿಲ್ಲ ಅನ್ನೋದನ್ನ ತೆಗೆದಿದೀನಿ. ಅಷ್ಟೂ ಗೊತ್ತಾಗಲ್ವಾ ನಂಗೆ?"

"ನಂದು ಅಂತ ಇದ್ದಿದ್ದು ಇದೊಂದೇ. ಅದನ್ನೂ ಮೀನಿನ ಪಾಲು ಮಾಡ್ದೆ."

"ನೀನೂ ಓದ್ಲಿಲ್ವಲ್ಲ."

ಸತ್ಯ ಗಂಡನ ಬಾಯಿಂದ ಬಂದರೆ ಎಷ್ಟು ಕಹಿ ಎಂಬುದು ಅನುಭವಿಸಿದವರಿಗೇ ಗೊತ್ತು. ನೆರಿಡಾ ತಾನೇ ಬರೆಯಲು ಕೂತಳು. ಬರೆದದ್ದನ್ನು ಗಟ್ಟಿಯಾಗಿ ಓದಿದಳು: "ನಿಮ್ಮ ಅಳತೆಯನ್ನು ನಾನು ಯಾರಿಗೂ ಹೇಳುವುದಿಲ್ಲ."

"ಚೆನ್ನಾಗಿದೆ" ಎಂದ ಗಾರ್ತ್. "ನಿಜ ಅಲ್ಲ, ಅಷ್ಟೇ."

"ಏನಂದೆ?"

"ಜಾಸ್ಲಿನ್ ಸೊಂಟ ಹೋದ ಬೇಸಿಗೆಗಿಂತ ನಾಲ್ಕು ಬೆರಳು ಜಾಸ್ತಿ. ಡೋರೀನ್‌ಗೆ ಎದೆಯ ಒಂದು ಕಡೆ ಸ್ಪಂಜು ಇಟ್ಟು ಹೊಲೀಬೇಕು. ಊಟಕ್ಕೆ ಕೂತಾಗೆಲ್ಲ ಹೇಳಿದ್ದು ಯಾರು?"

"ನೀನು ನನ್ನ ಗಂಡ ಕಣೋ!"

"ಹಾಗಾದ್ರೆ ಅದನ್ನೂ ಸೇರಿಸು, ಗಂಡನ್ನ ಬಿಟ್ಟು ಅಂತ. ನನ್ನ ಬಾಯಿಂದ ಯಾರಿಗೂ ಹೋಗಿಲ್ಲ." ಅವನು ಸಿಪ್ಪೆ ಒಟ್ಟುಮಾಡಿದ. "ಬ್ರೂನೋನ ಬಿಟ್ಟು."

ಕಿಟಕಿಯಾಚೆ ಕಡಲು ಹಿಂದೆ ಸರಿಯುತ್ತಿತ್ತು. ನೆರಿಡಾ ಕೊನೆಯ ಪದವನ್ನು ಅಳಿಸಿದಳು. 'ನಿಮ್ಮ ಅಳತೆಯನ್ನು ನಾನು ಯಾರಿಗೂ' ಎಂಬಲ್ಲಿಗೆ ನಿಂತ ಗೋಪ್ಯತಾ ನೀತಿಯನ್ನು ನೋಡುತ್ತಾ, ಆಲೂಗಡ್ಡೆ ಬೇಯುವವರೆಗೂ ಹಾಗೇ ಕೂತಿದ್ದಳು.