ತನುಜಳ ಗೂಡು, ನನ್ನ ನಾನೂರ ಏಳು

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯನ್ನು ನನ್ನ ಹೆಂಡತಿಯ ಅಂಗೈಗೆ ತಂದಿಡುತ್ತೇನೆ!

2008ರ ಒಂದು ಭಾನುವಾರ ನಾನು ಹೀಗೆ ಭೀಷಣ ಪ್ರತಿಜ್ಞೆ ಮಾಡಿದಾಗ ಕೇಳಿಸಿಕೊಳ್ಳಲು ಇದ್ದವಳು ನನ್ನ ಹೆಂಡತಿ ತನುಜ ಒಬ್ಬಳೇ. ಅವಳು ಚಂದ್ರಿಕೆಯಿಂದ, ಅಂದರೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆಯಿಂದ, ರೇಷ್ಮೆಗೂಡು ಬಿಡಿಸುತ್ತಿದ್ದಳು. ಅವಳೇ ಹುಳು ಸಾಕಿ ತೆಗೆದ ಮೊದಲ ಬೆಳೆ. ಒಂದು ತಿಂಗಳು ನನಗೆ ಕಾಫಿ ಕೊಡುವುದನ್ನು ಮರೆತಿದ್ದುಂಟು, ಹುಳುಗಳಿಗೆ ಸೊಪ್ಪು ಹಾಕುವುದನ್ನು ಮರೆತಿದ್ದಿಲ್ಲ.

"ನಾಳೇನೇ ಮಾರ್ಕೆಟ್‌ಗೆ ಹಾಕ್‌ಬಿಡಣ ಕಣ್ರೀ. ತಡ ಆದ್ರೆ ಚಿಟ್ಟೆ ಗೂಡು ತೂತು ಮಾಡ್ಕೊಂಡು ಆಚೆ ಬರುತ್ತೆ. ತೂತು ಬಿದ್ದ ಗೂಡನ್ನ ನೂಲು ತೆಗೆಯೋ ಯಾವ ರೀಲರೂ ಮುಟ್ಟಲ್ಲ."

"ಕಣ್ಣು ಮುಚ್ಕೊಂಡು ಮಾರ್ಕೆಟ್‌ಗೆ ಹೋಗೋ ಕಾಲ ಮುಗೀತು ಕಣೇ! ದಿನದ ರೇಟು ನಿನ್ನ ಮೊಬೈಲಲ್ಲೇ ಬರೋ ಹಂಗೆ ಮಾಡ್ತೀನಿ. ಒಳ್ಳೇ ರೇಟ್ ನೋಡ್ಕೊಂಡು ಹೋಗಣ."

"ನೀವು ಮಾಡೋದು ಯಾವಾಗ, ನಾನು ಮಾರೋದು ಯಾವಾಗ? ಬುಧವಾರ ದಾಟಿದ್ರೆ ಗೂಡು ಉಳಿಯಲ್ಲ, ಹೇಳಿದೀನಿ!"

ಮೂರು ದಿನ! ಚಿಂತಾಮಣಿಯ ಕಾಲೇಜಿನಲ್ಲಿ ಆರು ವರ್ಷದಿಂದ ಕಂಪ್ಯೂಟರ್ ಪಾಠ ಮಾಡುವ ಈ ಕೆಂಪರಾಜುವಿಗೆ ಮೂರು ದಿನ ಯಾಕೆ, ಮೂರು ಗಂಟೆ ಸಾಕು ಎಂದು ನಕ್ಕೆ. ಫೋಟೋ ತೆಗೆದು ಪರದೆಗೆ ಹಾಕಲು ನಾಲ್ಕು ಗೂಡು ಜೇಬಿಗಿಳಿಸಿಕೊಂಡೆ.

ಆಗಿನ್ನೂ ಆ್ಯಪ್ ಎಂಬ ಮುದ್ದು ಹೆಸರು ನಮ್ಮ ಕಡೆ ಬಂದಿರಲಿಲ್ಲ. 'ಮೊಬೈಲ್ ಅಪ್ಲಿಕೇಶನ್' ಎಂದು ಬಾಯಿ ತುಂಬ ಹೇಳುತ್ತಿದ್ದೆವು. ಮೊದಲು ಕಂಪ್ಯೂಟರಿನ ಪರದೆಯ ಮೇಲೆ ಒಂದು ಸುಳ್ಳು ಮೊಬೈಲ್ ಮೂಡಿಸಿ, ಅದರಲ್ಲಿ ಓಡಿಸಿ ನೋಡಬೇಕು. ಸೋಮವಾರ ಲ್ಯಾಬಿನಲ್ಲಿ ಓಡಿಸಿದೆ. ರೇಟು ಬರಬೇಕಾದ ಜಾಗದಲ್ಲಿ '407' ಎಂದು ಬಂತು.

ನಾನೂರ ಏಳೇ! ರೇಟು ಚೆನ್ನಾಗಿದೆಯಲ್ಲ ಎಂದು ಅರೆಕ್ಷಣ ಹಿಗ್ಗಿದೆ. ಆಮೇಲೆ ಗೊತ್ತಾಯಿತು, ಅದು ರೇಟಲ್ಲ, ಬೈಗುಳ. ಕಾಲೇಜಿನ ಇಂಟರ್‌ನೆಟ್ ಬಾಗಿಲಲ್ಲಿ ಪ್ರಾಕ್ಸಿ ಎಂಬ ಕಾವಲುಗಾರನೊಬ್ಬ ಕೂತಿರುತ್ತಾನೆ. ಹೆಸರು, ಪಾಸ್‌ವರ್ಡ್ ತೋರಿಸದವರನ್ನು ಅವನು ಆಚೆ ಬಿಡುವುದಿಲ್ಲ. "ನೀನ್ಯಾರಯ್ಯ?" ಎಂದು ಅವನು ಕೇಳುವ ರೀತಿಯೇ ಈ 407.

ಸರಿ, ತೋರಿಸಿದೆ. ಪ್ರಾಕ್ಸಿಯ ವಿಳಾಸ ಹಾಕಿದೆ, 407. ನನ್ನ ಹೆಸರು, ಪಾಸ್‌ವರ್ಡ್ ಎರಡನ್ನೂ ಪ್ರೋಗ್ರಾಮಿನೊಳಗೇ ಬರೆದೆ, 407. ಪಾಸ್‌ವರ್ಡ್ ಬದಲಾಯಿಸಿದೆ, ಕಂಪ್ಯೂಟರ್ ಬದಲಾಯಿಸಿದೆ, ಕೊನೆಗೆ ಕುರ್ಚಿಯನ್ನೂ ಬದಲಾಯಿಸಿದೆ. ಆ ಮಹಾನುಭಾವ ಮಾತ್ರ ಬದಲಾಗಲಿಲ್ಲ.

ಪ್ರಾಕ್ಸಿಯನ್ನು ನೋಡಿಕೊಳ್ಳುವ ಚಲಪತಿ ಬಾಗಿಲಲ್ಲಿ ಇಣುಕಿದ. "ಸಾರ್, ನಾನೊಂದ್ಸಲ ನೋಡ್ಲಾ?"

"ಬೇಡಪ್ಪ. ಪಾಠ ಹೇಳೋನು ನಾನು!"

"ಮೀ ಇಷ್ಟಂ ಸಾರ್, ನಿಮ್ಮಿಷ್ಟ," ಎಂದು ತೆಲುಗು, ಕನ್ನಡ ಎರಡರಲ್ಲೂ ಹೇಳಿ ಹೋದ.

ಮಂಗಳವಾರ ಸಂಜೆ ಮನೆಗೆ ಹೋದರೆ ತನುಜ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದಳು.

"ರೇಟ್ ಬಂತಾ?"

"ಬಾಗಿಲವರೆಗೂ ಬಂದಿದೆ."

"ಚಿಟ್ಟೇನೂ ಬಾಗಿಲವರೆಗೂ ಬಂದಿದೆ ಕಣ್ರೀ!"

ಬುಧವಾರ ಬೆಳಿಗ್ಗೆ ಲ್ಯಾಬಿಗೆ ಹೋಗಿ ನೋಡುತ್ತೇನೆ, ಫೋಟೋಗೆ ತಂದಿಟ್ಟ ಗೂಡಿನಲ್ಲೊಂದು ತೂತು! ಕೀಬೋರ್ಡಿನ ಮೇಲೆ ಬಿಳಿ ಚಿಟ್ಟೆಯೊಂದು ರೆಕ್ಕೆ ಒಣಗಿಸಿಕೊಳ್ಳುತ್ತಿತ್ತು. ಇಲ್ಲೇ ಹೀಗಾದರೆ ಮನೆಯಲ್ಲಿರುವ ರಾಶಿಯ ಗತಿ? ಅಷ್ಟರಲ್ಲಿ ತನುಜಳ ಫೋನು. ಚಿಟ್ಟೆ ಹಾರಿದ ಸುದ್ದಿ ಹೇಳಲೆಂದೇ ಮಾಡಿದ್ದಾಳೆ! ಅಂಥ ಫೋನನ್ನು ಎತ್ತುವ ಗಂಡಸು ಇನ್ನೂ ಹುಟ್ಟಿಲ್ಲ. ಮತ್ತೆ ಬಂತು. ಮೂರನೆಯ ಸಲ ಫೋನನ್ನೇ ಡ್ರಾಯರಿಗೆ ತಳ್ಳಿದೆ. ನಿಜ ಹೇಳುತ್ತೇನೆ, ಅವಳ ಒಂದು ತಿಂಗಳ ಕಷ್ಟ ನೆನೆದು ತೂತು ಬಿದ್ದ ಗೂಡನ್ನೂ ಅದರ ಜೊತೆಗೇ ಬಚ್ಚಿಟ್ಟೆ.

ಇನ್ನು ಬಿಡಬಾರದು! ಬಾಗಿಲು ತೆರೆಯುವವರೆಗೂ ನಿಲ್ಲಿಸದೆ ತಟ್ಟುತ್ತಲೇ ಇರುವಂತೆ ಮಧ್ಯಾಹ್ನದವರೆಗೂ ಕೂತು ಪ್ರೋಗ್ರಾಮ್ ತಿದ್ದಿದೆ. ಅದು ಸೆಕೆಂಡಿಗೆ ಹತ್ತು ಸಲ ತಟ್ಟಿತು. ಕಾವಲುಗಾರನಿಗೆ ರೇಗಿ ಇಡೀ ಕಾಲೇಜಿಗೇ ಬಾಗಿಲು ಜಡಿದುಬಿಟ್ಟ.

ಐದೇ ನಿಮಿಷದಲ್ಲಿ ಪ್ರಿನ್ಸಿಪಾಲ್ ನರಸಿಂಹಮೂರ್ತಿಗಳು ಪ್ರತ್ಯಕ್ಷ! ಹಿಂದೆ ಚಲಪತಿ.

"ರೀ ಕೆಂಪರಾಜು, ಯೂನಿವರ್ಸಿಟಿಗೆ ಮೇಲ್ ಕಳಿಸ್ಬೇಕು, ಹೋಗ್ತಿಲ್ಲ. ಏನ್ರೀ ಮಾಡಿದ್ರಿ?"

"ಗೂಡಿನ ರೇಟ್ ನೋಡ್ತಿದ್ದೆ ಸಾರ್."

"ಗೂಡಾ?"

ಚಲಪತಿ ನನ್ನ ಪ್ರೋಗ್ರಾಮನ್ನು ಮೇಲಿಂದ ಕೆಳಗೆ ಒಂದೇ ಸಲ ಓದಿದ. "ಸಾರ್, ಗೇಟ್‌ನವನಿಗೆ ತೋರಿಸ್ಬೇಕಾದ ಚೀಟೀನ ಆಚೆ ಮನೆ ಯಜಮಾನ್ರ, ಅಂದ್ರೆ ಮಾರ್ಕೆಟ್ ವೆಬ್‌ಸೈಟ್ ಹೆಸರಿಗೆ ಬರ್ದಿದೀರ. ಗೇಟ್‌ನವನು ಅದನ್ನ ನೋಡೋದೇ ಇಲ್ಲ." ಒಂದು ಸಾಲಿನಲ್ಲಿ 'ಪ್ರಾಕ್ಸಿ' ಎಂಬ ಒಂದೇ ಒಂದು ಪದ ಸೇರಿಸಿದ. ಮೂರು ದಿನದ ಯುದ್ಧ ಒಂದು ಪದಕ್ಕೆ ಮುಗಿಯಿತು. ಕಾಲೇಜಿನ ಬಾಗಿಲನ್ನೂ ಅವನೇ ತೆರೆದ.

ಓಡಿಸಿದೆ. ಬಂತು! ಸುಳ್ಳು ಮೊಬೈಲಿನಲ್ಲಿ ನಿಜವಾದ ಶಿಡ್ಲಘಟ್ಟ ಮಾರುಕಟ್ಟೆ! ಹರಾಜಾದ ಗೂಡಿನ ಲಾಟುಗಳ ಸಾಲು, ರೈತರ ಹೆಸರು, ಊರು, ರೇಟು. ಪ್ರಿನ್ಸಿಪಾಲರೂ ಮೇಲ್ ಮರೆತು ಬಗ್ಗಿದರು. ನಾನು ಕಾಲರ್ ಸರಿಮಾಡಿಕೊಂಡೆ.

ಚಲಪತಿ ಮೊದಲ ಸಾಲು ಓದಿದ. "ಇವತ್ತಿನ ಅತಿ ಹೆಚ್ಚು ರೇಟು... ತನುಜ, ಗಂಡ ಕೆಂಪರಾಜು. ಸಾರ್, ಇದು ನಿಮ್ಮ ಮನೆಯವ್ರಲ್ವಾ?"

ಡ್ರಾಯರಿನಿಂದ ಫೋನ್ ತೆಗೆದು ಮಾಡಿದೆ.

"ಎಲ್ಲಿದೀಯೇ?"

"ಮಾರ್ಕೆಟ್ ಮುಂದೆ ಎಳನೀರು ಕುಡೀತಿದೀನಿ. ಹೋಗ್ತಿದೀನಿ ಅಂತ ಹೇಳಣ ಅಂತ ಮೂರ್ಸಲ ಫೋನ್ ಮಾಡ್ದೆ, ಎತ್ತಲಿಲ್ವಲ್ಲ. ಆಟೋಗೆ ಹಾಕ್ಕೊಂಡು ನಾನೇ ಬಂದೆ."

"ಒಬ್ಬಳೇ ಹೋದ್ಯಾ? ಒಳಗೆ ಏನೂ ತೊಂದ್ರೆ ಆಗಲಿಲ್ವಾ?"

"ಏನ್ ತೊಂದ್ರೆ? ಗೇಟಲ್ಲಿ ಯಾರೂ ಪಾಸ್‌ವರ್ಡ್ ಕೇಳಲಿಲ್ಲ ಕಣ್ರೀ!"