ಎಲ್ಲರೂ ಉಪ್ಪು ಹಾಕಿದ ಸಮುದ್ರ

ಮೊದಲು, ಇದನ್ನು ಓದುತ್ತಿರುವವರಿಗೆ: ಇನ್ನೊಬ್ಬರ ಹೆಸರಿಗೆ ಬರೆದದ್ದರಲ್ಲಿ ಮೂಗು ತೂರಿಸಲು ನಾಚಿಕೆಯಾಗಬೇಕು. ಓದಲೇಬೇಕಿದ್ದರೆ ತುಟಿ ಆಡಿಸದೆ ಓದಿ.

ಉಬ್ಬರ ಮುನ್ಸೂಚನೆ ಕಚೇರಿಯ ಗ್ರಾಫಿಕ್ಸ್ ಕಾರ್ಡ್ ಮಹಾಶಯರಾದ ಮಾನ್ಯರೇ,

ಜಾವಾದ ಉತ್ತರ ಕರಾವಳಿಯಲ್ಲಿ ಮೀನು ಒಣಗಿಸುವ ಮುದುಕಿ ವಾಕಿಯೆಮ್‌ಳ ನಮಸ್ಕಾರಗಳು. ತಾವು ತಂಪು ಕೋಣೆಯಲ್ಲಿ ಕ್ಷೇಮವೆಂದು ನಂಬಿದ್ದೇನೆ. ನಮ್ಮ ಅಂಗಳದಲ್ಲಿ ಎಂದಿನಂತೆ ಸಮುದ್ರವಿದೆ.

ತಮಗಿಂತ ಮೊದಲಿದ್ದ ಹಳೆಯ ಕಂಪ್ಯೂಟರು ಮಹಾ ಸತ್ಯವಂತರು. ಬೆಳಿಗ್ಗೆಯ ಉಬ್ಬರದ ಲೆಕ್ಕವನ್ನು ಒಂಟಿಯಾಗಿ ಕೂತು ಮಾಡಿ, ಮಧ್ಯಾಹ್ನ ನಾನು ನೀರಲ್ಲಿ ನಿಂತು ತೇಲುವ ಮೀನು ಹೆಕ್ಕುವಾಗ, ನೀರು ಮೊಣಕಾಲಿಗೆ ಬರುವುದೆಂದು ತಿಳಿಸುತ್ತಿದ್ದರು. ಒಮ್ಮೆಯೂ ತಪ್ಪಲಿಲ್ಲ, ಒಮ್ಮೆಯೂ ಹೊತ್ತಿಗೆ ಮುಟ್ಟಲಿಲ್ಲ. ಅದಕ್ಕೇ ಆ ಕಚೇರಿಯಲ್ಲಿರುವ ನನ್ನ ಮೊಮ್ಮಗಳು ವೆನಿಂಗ್, ಸಮುದ್ರವನ್ನು ಚೌಕಚೌಕವಾಗಿ ಕತ್ತರಿಸಿ ಎಣಿಸುವ ಹಳೆಯ ಪ್ರೋಗ್ರಾಮನ್ನು ತಮಗೊಪ್ಪುವಂತೆ ತಿದ್ದಿ ಬರೆದಳು. "ಅಜ್ಜಿ, ಇದಕ್ಕೆ ಸಾವಿರಾರು ಕೈ, ಎಲ್ಲ ಒಟ್ಟಿಗೇ ದುಡೀತವೆ," ಎಂದು ಕುಣಿದಳು.

ತಮ್ಮ ಮೊದಲ ಮುನ್ಸೂಚನೆ ಕಾಫಿ ಆರುವ ಮೊದಲೇ ಬಂತು: ನೀರು ತೆಂಗಿನಮರದ ತಲೆಗೆ. ಊರೆಲ್ಲ ಆಡು, ಕೋಳಿ, ಅಕ್ಕಿಯೊಡನೆ ಮಸೀದಿಯ ಮಾಳಿಗೆ ಹತ್ತಿತು. ಮಾತುಬಿಟ್ಟಿದ್ದ ನೆರೆಮನೆಯ ಸರ್ಪಿಯೂ ನಾನೂ ಒಂದೇ ಚಾಪೆಯಲ್ಲಿ ಕೂತು, ಹೇಗೂ ಸಾಯುತ್ತೇವಲ್ಲ ಎಂದು ಒಬ್ಬರನ್ನೊಬ್ಬರು ಕ್ಷಮಿಸಿಬಿಟ್ಟೆವು. ಆಮೇಲೆ ಬಂದ ಉಬ್ಬರ ಬಾತುಕೋಳಿಯ ಹೊಟ್ಟೆಯನ್ನೂ ತೋಯಿಸಲಿಲ್ಲ. ಕೊಟ್ಟ ಕ್ಷಮೆಯನ್ನು ವಾಪಸು ಪಡೆಯುವುದು ಹೇಗೆಂದು ತಾವೇ ಲೆಕ್ಕ ಹಾಕಿ ತಿಳಿಸಬೇಕು.

"ಒಂದೇ ಚೌಕಕ್ಕೆ ಎಷ್ಟೋ ಕೈ ನೀರು ಸುರಿದಿವೆ ಅಜ್ಜಿ, ಒಂದು ಸುರಿದದ್ದು ಇನ್ನೊಂದಕ್ಕೆ ಗೊತ್ತಿಲ್ಲ," ಎಂದು ವೆನಿಂಗ್ ಫೋನಿನಲ್ಲಿ ಅತ್ತಳು. ನಾನು ಬಿದ್ದು ಬಿದ್ದು ನಕ್ಕೆ. ನಮ್ಮಲ್ಲಿ ಸ್ಲಾಮೆತಾನ್ ಊಟಕ್ಕೆ ಊರ ಹೆಂಗಸರೆಲ್ಲ ಸೇರಿ ಅಡುಗೆ ಮಾಡುವಾಗಲೂ, ಹಾದುಹೋದವರೆಲ್ಲ ಹಲಸಿನ ಪಲ್ಯಕ್ಕೆ ಒಂದೊಂದು ಚಿಟಿಕೆ ಉಪ್ಪು ಹಾಕಿ, ಕೊನೆಗೆ ಬಡಿಸುವುದು ಸಮುದ್ರವನ್ನೇ.

ಈಗ ಕಚೇರಿಯ ಹಿರಿಯರು ತಮ್ಮನ್ನು ಕಿತ್ತು ಆ ಸತ್ಯವಂತರನ್ನೇ ಕೂರಿಸುತ್ತಾರಂತೆ. ಹುಣ್ಣಿಮೆಯ ದೊಡ್ಡ ಉಬ್ಬರ ಬರಲಿದೆ. ಅವರು ಮರಳಿದರೆ ನನ್ನ ಮೀನು ಸತ್ಯವಾಗಿಯೂ ಮುಳುಗುತ್ತದೆ. ಆದ್ದರಿಂದ ವೆನಿಂಗ್ ತಿದ್ದುವವರೆಗೆ ತಾವು ಕೂತ ಜಾಗವನ್ನು ಕಚ್ಚಿ ಹಿಡಿದುಕೊಳ್ಳಬೇಕು; ಸಾಧ್ಯವಾದರೆ ತಮ್ಮ ಸಾವಿರಾರು ಕೈಗಳನ್ನೂ ತೊಳೆದುಕೊಂಡು ನಮ್ಮ ಅಡುಗೆಮನೆಗೆ ಬಂದು, "ಉಪ್ಪು ಬಿತ್ತೇನೇ?" ಎಂದು ಪಕ್ಕದವಳನ್ನು ಕೇಳುವ ಅಭ್ಯಾಸ ಮಾಡಬೇಕೆಂದು ಪ್ರಾರ್ಥನೆ.

ತಡವಾಗಿ ಬರುವ ಸತ್ಯಕ್ಕಿಂತ ಬೇಗ ಬಂದ ಸುಳ್ಳನ್ನೇ ತಿದ್ದಬಹುದೆಂದು ನಂಬಿರುವ,
ತಮ್ಮ ವಿಶ್ವಾಸಿ,
ವಾಕಿಯೆಮ್

ಮರೆತ ಮಾತು: ಕ್ಷಮೆ ಪಡೆದ ಸರ್ಪಿ ಈಗ ದಿನಾ ನಮ್ಮ ಮನೆಗೆ ಬರುತ್ತಾಳೆ, ಬಂದು ನನ್ನ ಸಾರಿಗೆ ಉಪ್ಪು ಹಾಕುತ್ತಾಳೆ. ಹುಣ್ಣಿಮೆಗೆ ಮೊದಲು ಉತ್ತರ ಬರಲಿ. ಆ ಸಾವಿರಾರು ಕೈಗಳಲ್ಲಿ ಒಂದೇ ಒಂದು ಬರೆಯಲಿ.